ಮಕ್ಕಳಲ್ಲಿ ಮೂತ್ರದ ಕಲ್ಲು: ಕಾರಣ ಎಲ್ಲಿದೆ?



ಚಿಕ್ಕವರಿದ್ದಾಗ ನೀವು ಬಳಪ ತಿಂದದ್ದುಂಟೆ? ಸ್ಲೇಟಿನ ಮೇಲೆ ಓಡಬೇಕಾದ ಬಳಪ ಮೆಲ್ಲಗೆ ಬಾಯಿಗೆ ಹೋದೊಡನೆ ಮನೆಯಲ್ಲಿ ಅಜ್ಜಿಯೋ ಅಮ್ಮನೋ ಗದರಿಸುತ್ತಿದ್ದುದು ನೆನಪಿರಬಹುದು: "ಬಳಪ ತಿನ್ನಬೇಡ, ಹೊಟ್ಟೆಯಲ್ಲಿ ಕಲ್ಲು ಬೆಳೆಯುತ್ತೆ!"

ಅಜ್ಜಿಯ ಈ ಮಾತು ಸರಿಯಲ್ಲ. ನುಂಗಿದ ಬಳಪದ ಚೂರು ಜಠರ, ಕರುಳುಗಳ ದಾರಿ ಹಿಡಿದು ಹೊರಟುಹೋಗುತ್ತದೆ. ಅದು ಮೂತ್ರಪಿಂಡಕ್ಕೆ ಹೋಗಿ ಕೂರುವುದಿಲ್ಲ. ಬಳಪ, ಮಣ್ಣು, ಸುಣ್ಣ ತಿನ್ನುವ ಮಗುವಿಗೆ ರಕ್ತಹೀನತೆ ಇದೆಯೇ ಎಂದು ನೋಡಬೇಕು, ಅದು ಬೇರೆ ಮಾತು. ಆದರೆ ಅಜ್ಜಿಯ ಉತ್ತರ ತಪ್ಪಾಗಿದ್ದರೂ ಆಕೆಯ ಮನಸ್ಸಿನಲ್ಲಿದ್ದ ಪ್ರಶ್ನೆ ಮಾತ್ರ ಸರಿಯಾದದ್ದು. ಎಳೆಯ ಮಗುವಿನ ಮೈಯೊಳಗೆ ಕಲ್ಲು ಏಕೆ ಬೆಳೆಯಿತು? ಇಂದಿನ ನನ್ನ ಭಾಷಣವೆಲ್ಲ ಈ 'ಏಕೆ' ಎಂಬುದನ್ನು ಕುರಿತದ್ದು. ಕಲ್ಲನ್ನು ತೆಗೆದುಹಾಕುವ ಉಪಾಯಗಳು ಈಗ ಬೇಕಾದಷ್ಟಿವೆ. ಆದರೆ ಕಾರಣವನ್ನು ಕೇಳದೆ ಕಲ್ಲನ್ನಷ್ಟೇ ತೆಗೆದರೆ ಅದು ಮತ್ತೆ ಬರುತ್ತದೆ. ಬರುತ್ತ ಬರುತ್ತ ಮೂತ್ರಪಿಂಡವನ್ನೇ ಕಸಿದುಕೊಳ್ಳಬಹುದು.

ಕಲ್ಲು ಹುಟ್ಟುವ ಬಗೆ

ಮೊದಲು ನಿಮ್ಮ ಜೀವಶಾಸ್ತ್ರದ ಪಾಠವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಬೆನ್ನಿನ ಎರಡೂ ಪಕ್ಕಗಳಲ್ಲಿ ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ನಾವು ಮಾತಿನಲ್ಲಿ ಕಿಡ್ನಿ ಎನ್ನುವುದು ಇವನ್ನೇ. ಪ್ರತಿಯೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಗಗಳಿವೆ. ಅವುಗಳ ಹೆಸರು ನೆಫ್ರಾನ್. ವಯಸ್ಕರಲ್ಲಿ ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬೇಕಾದದ್ದನ್ನೆಲ್ಲ ಮತ್ತೆ ರಕ್ತಕ್ಕೆ ಹೀರಿಕೊಂಡು, ಕೊನೆಗೆ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಬಿಡುತ್ತವೆ. ಆ ಮೂತ್ರ ಎರಡು ಮೂತ್ರನಾಳಗಳ ಮೂಲಕ ಇಳಿದು, ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶದಲ್ಲಿ ಸಂಗ್ರಹವಾಗಿ, ಅಲ್ಲಿಂದ ಹೊರಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಕಲ್ಲು ಕಾಣಿಸಿಕೊಳ್ಳಬಹುದು.

ಉತ್ತರ ಕನ್ನಡದ ಗೋಕರ್ಣದ ಬಳಿ ಸಾಣಿಕಟ್ಟಾ ಎಂಬ ಊರಿದೆ. ಅಲ್ಲಿ ಉಪ್ಪಿನ ಆಗರಗಳಿವೆ. ಮಡಿಗಳಿಗೆ ಸಮುದ್ರದ ನೀರನ್ನು ಬಿಟ್ಟು ಬಿಸಿಲಿಗೆ ಒಣಗಲು ಬಿಡುತ್ತಾರೆ. ಯಾರೂ ಹೊಸದಾಗಿ ಉಪ್ಪನ್ನು ಸೇರಿಸುವುದಿಲ್ಲ. ನೀರು ಆರುತ್ತ ಹೋದಂತೆ, ಇದ್ದ ಉಪ್ಪನ್ನೆಲ್ಲ ಕರಗಿಸಿಟ್ಟುಕೊಳ್ಳುವ ಶಕ್ತಿ ಉಳಿದ ನೀರಿಗೆ ಇಲ್ಲವಾಗುತ್ತದೆ. ಆಗ ಉಪ್ಪು ಹರಳಾಗಿ ತಳಕ್ಕೆ ಕೂರುತ್ತದೆ. ರಸಾಯನಶಾಸ್ತ್ರದಲ್ಲಿ ನೀವು ಓದಿದ ಪರ್ಯಾಪ್ತ ದ್ರಾವಣದ ಪಾಠ ಇದೇ. ನಮ್ಮ ಮೂತ್ರದಲ್ಲೂ ಕ್ಯಾಲ್ಸಿಯಂ, ಆಕ್ಸಲೇಟ್, ಫಾಸ್ಫೇಟ್, ಯೂರಿಕ್ ಆಮ್ಲ ಮುಂತಾದವು ಕರಗಿರುತ್ತವೆ. ನೀರು ಕಡಿಮೆಯಾದರೆ ಅಥವಾ ಈ ಲವಣಗಳು ಹೆಚ್ಚಾದರೆ ಹರಳು ಕಟ್ಟುತ್ತದೆ. ಒಂದು ಹರಳಿಗೆ ಇನ್ನೊಂದು ಅಂಟಿಕೊಂಡು ಬೆಳೆದದ್ದೇ ಕಲ್ಲು.

ಹಾಗಾದರೆ ಎಲ್ಲರಲ್ಲೂ ಏಕೆ ಕಲ್ಲಾಗುವುದಿಲ್ಲ? ಏಕೆಂದರೆ ಮೂತ್ರದಲ್ಲಿ ಕಾವಲುಗಾರರೂ ಇದ್ದಾರೆ. ಅವರಲ್ಲಿ ಮುಖ್ಯವಾದದ್ದು ಸಿಟ್ರೇಟ್. ನಿಂಬೆಹಣ್ಣಿನ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲದ ಬಂಧು ಇದು. ಕ್ಯಾಲ್ಸಿಯಂನೊಂದಿಗೆ ತಾನೇ ಜೊತೆಯಾಗಿ, ಅದು ಆಕ್ಸಲೇಟಿನ ಕೈಗೆ ಸಿಗದಂತೆ ನೋಡಿಕೊಳ್ಳುತ್ತದೆ. ಅಲ್ಲದೆ ಮೂತ್ರ ನಿಲ್ಲದೆ ಹರಿದುಹೋಗುತ್ತಿದ್ದರೆ ಸಣ್ಣ ಹರಳುಗಳು ಬೆಳೆಯುವ ಮೊದಲೇ ಕೊಚ್ಚಿಹೋಗುತ್ತವೆ.

ಆದ್ದರಿಂದ ನಾಲ್ಕು ಮಾತುಗಳನ್ನು ನೆನಪಿಡಿ. ನೀರು ಕಡಿಮೆಯಾಗುವುದು, ಲವಣ ಹೆಚ್ಚಾಗುವುದು, ಕಾವಲು ಕುಗ್ಗುವುದು, ಹರಿವು ನಿಲ್ಲುವುದು. ಮಕ್ಕಳಲ್ಲಿ ಕಲ್ಲಿಗೆ ಕಾರಣಗಳು ಎಷ್ಟೇ ಇರಲಿ, ಅವೆಲ್ಲ ಈ ನಾಲ್ಕರಲ್ಲಿ ಯಾವುದಾದರೊಂದು ಬಾಗಿಲಿನಿಂದಲೇ ಒಳಗೆ ಬರುತ್ತವೆ.

ಬಡ ಮಕ್ಕಳ ಹಳೆಯ ರೋಗ

ಇದು ಹೊಸ ರೋಗವಲ್ಲ. ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿ 1901ರಲ್ಲಿ ಬಹಳ ಪುರಾತನವಾದ ಒಂದು ಸಮಾಧಿಯಲ್ಲಿ ಹುಡುಗನೊಬ್ಬನ ಅಸ್ಥಿಯ ನಡುವೆ ಮೂತ್ರಕೋಶದ ಕಲ್ಲು ಸಿಕ್ಕಿತು. ಆತನ ವಯಸ್ಸು ಸುಮಾರು 16. ನಿಮ್ಮದೇ ವಯಸ್ಸಿನವನು, ಸಾವಿರಾರು ವರ್ಷಗಳ ಹಿಂದೆ ಇದೇ ನೋವನ್ನು ಉಂಡಿದ್ದ. ನಮ್ಮ ದೇಶದಲ್ಲಿ ಸುಶ್ರುತ ಸಂಹಿತೆಯು ಇದನ್ನು ಅಶ್ಮರಿ ಎಂದು ಕರೆದು ವಿವರವಾಗಿ ವರ್ಣಿಸಿದೆ. ಅದರಲ್ಲಿ ಹೇಳಿರುವ ನಾಲ್ಕು ಬಗೆಯ ಅಶ್ಮರಿಗಳಲ್ಲಿ ಮೂರು ಹೆಚ್ಚಾಗಿ ಮಕ್ಕಳಲ್ಲಿಯೇ ಕಂಡುಬರುತ್ತವೆ ಎಂದೂ, ಅದಕ್ಕೆ ಅವರ ಆಹಾರ ಮತ್ತು ರೂಢಿಗಳು ಕಾರಣವೆಂದೂ ಅಲ್ಲಿ ಹೇಳಿದೆ. ಮಕ್ಕಳ ಕಲ್ಲಿಗೆ ಪ್ರತ್ಯೇಕವಾದ ಕಾರಣವನ್ನು ಹುಡುಕಬೇಕೆಂಬ ಯೋಚನೆ ಅಷ್ಟು ಹಳೆಯದು.

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲೂ ಮೂತ್ರಕೋಶದ ಕಲ್ಲು ಬಹಳವಾಗಿತ್ತು. 1771ರಲ್ಲಿ ಅಲ್ಲಿನ ನಾರ್ವಿಚ್ ಪಟ್ಟಣದಲ್ಲಿ ಸ್ಥಾಪನೆಯಾದ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಯಿಂದ ತೆಗೆದ ಕಲ್ಲುಗಳನ್ನೆಲ್ಲ ಜೋಪಾನವಾಗಿ ಕೂಡಿಡುತ್ತಿದ್ದರು. ಆ ರೋಗಿಗಳಲ್ಲಿ ಬಹಳಷ್ಟು ಮಂದಿ ಬಡವರ ಮಕ್ಕಳು. ಅದರಲ್ಲೂ ಗಂಡುಮಕ್ಕಳು. ಹೆಣ್ಣುಮಕ್ಕಳಲ್ಲಿ ಮೂತ್ರದ ಕೊನೆಯ ದಾರಿ ಗಿಡ್ಡವಾಗಿರುವುದರಿಂದ ಸಣ್ಣ ಕಲ್ಲುಗಳು ತಾವಾಗಿ ಹೊರಬೀಳುತ್ತವೆ. ಗಂಡುಮಕ್ಕಳಲ್ಲಿ ಅವು ಒಳಗೇ ಉಳಿದು ದೊಡ್ಡವಾಗುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಯೂರೋಪಿನ ಮಕ್ಕಳಲ್ಲಿ ಈ ಮೂತ್ರಕೋಶದ ಕಲ್ಲು ಹೆಚ್ಚುಕಡಿಮೆ ಮಾಯವಾಯಿತು. ಯಾವ ಔಷಧಿಯಿಂದ? ಯಾವ ಔಷಧಿಯಿಂದಲೂ ಅಲ್ಲ. ಬಡವರ ಊಟದ ತಟ್ಟೆ ಬದಲಾಯಿತು, ಮಕ್ಕಳಿಗೆ ಹಾಲು ಸಿಗತೊಡಗಿತು.

ಈ ಒಗಟನ್ನು ಬಿಡಿಸುವ ಕೆಲಸದಲ್ಲಿ ನಮ್ಮ ನೆರೆಯ ಕೂನೂರಿಗೂ ಪಾಲಿದೆ. ನೀಲಗಿರಿಯ ಆ ಊರಿನ ಪ್ರಯೋಗಶಾಲೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ ವಿಜ್ಞಾನಿ 1920ರ ದಶಕದಲ್ಲಿ ಇಲಿಗಳಿಗೆ ಬಗೆಬಗೆಯ ಆಹಾರವನ್ನು ಕೊಟ್ಟು ಪರೀಕ್ಷಿಸಿದ. ಧಾನ್ಯವೇ ಪ್ರಧಾನವಾಗಿದ್ದು 'ಎ' ಜೀವಸತ್ವ ಕಡಿಮೆಯಿರುವ ಆಹಾರವನ್ನು ತಿಂದ ಇಲಿಗಳಲ್ಲಿ ಕಲ್ಲುಗಳಾದವು. ಸಾಕಷ್ಟು ಹಾಲು ಸೇರಿಸಿದಾಗ ಕಲ್ಲುಗಳಾಗಲಿಲ್ಲ. ಅದೇ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ಬೆಳೆದಿದೆ.

ಮುಂದೆ 1960ರ ದಶಕದಲ್ಲಿ ಥಾಯ್ಲೆಂಡಿನ ಈಶಾನ್ಯ ಭಾಗದ ಉಬೋನ್ ಪ್ರಾಂತದ ಹಳ್ಳಿಗಳಲ್ಲಿ ಮತ್ತಷ್ಟು ಸ್ಪಷ್ಟವಾದ ಅಧ್ಯಯನಗಳು ನಡೆದವು. ಅಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಕೂಸಿಗೆ ಎದೆಹಾಲಿನ ಜೊತೆಗೆ ಅಂಟು ಅಕ್ಕಿಯ ಅನ್ನವನ್ನು ಅಗಿದು ಉಣಿಸುವ ರೂಢಿಯಿತ್ತು. ಅನ್ನ ಹೊಟ್ಟೆ ತುಂಬಿಸುತ್ತಿತ್ತು, ಆದರೆ ಹಾಲಿನಲ್ಲಿರುವಷ್ಟು ರಂಜಕವಾಗಲಿ ಒಳ್ಳೆಯ ಪ್ರೋಟೀನಾಗಲಿ ಸಿಗುತ್ತಿರಲಿಲ್ಲ. ಮೂತ್ರದಲ್ಲಿ ಫಾಸ್ಫೇಟ್ ತೀರ ಕಡಿಮೆಯಾಗಿ ಹರಳುಗಳು ಕಟ್ಟುತ್ತಿದ್ದವು. ಮಕ್ಕಳಿಗೆ ಫಾಸ್ಫೇಟನ್ನು ಕೊಟ್ಟು ನೋಡಿದಾಗ ಹರಳುಗಳು ಕಡಿಮೆಯಾದವು. ಇದಕ್ಕೆ ಬೇಸಿಗೆಯ ಸೆಕೆ, ಪದೇ ಪದೇ ಬರುವ ಭೇದಿ ಕೂಡಿಕೊಂಡರೆ ಮೈಯ ನೀರು ಆರಿಹೋಗುತ್ತದೆ. ಕಲ್ಲಿಗೆ ಇನ್ನೇನು ಬೇಕು? ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲನ್ನು ಮಾತ್ರ ಕೊಡಬೇಕೆಂದು ವೈದ್ಯರು ಒತ್ತಿ ಹೇಳುವುದರ ಹಿಂದೆ ಇರುವ ಹಲವು ಕಾರಣಗಳಲ್ಲಿ ಇದೂ ಸೇರಿದೆ.

ಇಂದಿನ ಕಲ್ಲು ಬೇರೆ

ಮಕ್ಕಳ ಆಹಾರ ಸುಧಾರಿಸಿದ ಕಡೆಗಳಲ್ಲಿ ಮೂತ್ರಕೋಶದ ಕಲ್ಲು ಕಡಿಮೆಯಾಗಿದೆ. ಆದರೆ ಕಲ್ಲು ಪೂರ್ತಿಯಾಗಿ ಹೋಗಲಿಲ್ಲ. ಅದು ಮೇಲಕ್ಕೆ ಏರಿತು ಎನ್ನಬಹುದು. ಈಗ ಹೆಚ್ಚಾಗಿ ಕಾಣುವುದು ಮೂತ್ರಪಿಂಡದ ಮತ್ತು ಮೂತ್ರನಾಳದ ಕಲ್ಲು. ಇದರಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್. ಮಲೆನಾಡು, ಕರಾವಳಿಗಳಲ್ಲಿ ಪತ್ರೊಡೆ ಮಾಡುವ ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲವೆ? ಆ ಎಲೆಯೊಳಗಿನ ಸೂಜಿಯಂಥ ಹರಳುಗಳೂ ಕ್ಯಾಲ್ಸಿಯಂ ಆಕ್ಸಲೇಟೇ.

ಇಂಥ ಕಲ್ಲು ವಯಸ್ಕರಲ್ಲಿ ಕಂಡರೆ ಬಿಸಿಲು, ಬೆವರು, ನೀರಿನ ಕೊರತೆ ಎಂದು ಮೊದಲು ಊಹಿಸುತ್ತೇವೆ. ಮಗುವಿನಲ್ಲಿ ಕಂಡಾಗ ಹಾಗೆ ಸುಮ್ಮನಾಗುವಂತಿಲ್ಲ. ಸರಿಯಾಗಿ ಪರೀಕ್ಷಿಸಿದರೆ, ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಚಯಾಪಚಯ ಕ್ರಿಯೆಯ ಒಂದಲ್ಲ ಒಂದು ದೋಷ ಕಂಡುಬರುತ್ತದೆ. ಅಂದರೆ ಮಗುವಿನ ಕಲ್ಲು ಒಳಗಿರುವ ಬೇರೊಂದು ತೊಂದರೆಯ ಗುರುತು.

ಇವುಗಳಲ್ಲಿ ಹೆಚ್ಚು ಸಾಮಾನ್ಯವಾದದ್ದು ಮೂತ್ರದಲ್ಲಿ ಕ್ಯಾಲ್ಸಿಯಂ ಅತಿಯಾಗಿ ಸೋರುವುದು. ಇದು ಅನೇಕ ವೇಳೆ ಮನೆತನದಲ್ಲಿಯೇ ಬರುತ್ತದೆ. ತಂದೆಗೆ, ಸೋದರಮಾವನಿಗೆ ಕಲ್ಲಾಗಿತ್ತೆಂಬ ಮಾತನ್ನು ವೈದ್ಯರು ಅದಕ್ಕಾಗಿಯೇ ಕೇಳುವುದು. ನಾವು ತಿನ್ನುವ ಉಪ್ಪು ಇದನ್ನು ಇನ್ನಷ್ಟು ಕೆಡಿಸುತ್ತದೆ. ಮೂತ್ರಪಿಂಡ ಹೆಚ್ಚಿನ ಸೋಡಿಯಂ ಅನ್ನು ಹೊರಹಾಕುವಾಗ ಕ್ಯಾಲ್ಸಿಯಂ ಕೂಡ ಅದರ ಬೆನ್ನು ಹಿಡಿದು ಹೊರಗೆ ಹೋಗುತ್ತದೆ. ವಯಸ್ಕರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಪೊಟ್ಟಣದ ಚಿಪ್ಸು, ದಿಢೀರ್ ನೂಡಲ್ಸ್ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಎರಡನೆಯದು, ಮೂತ್ರಪಿಂಡ ಆಮ್ಲವನ್ನು ಹೊರಹಾಕಲಾರದ ದೋಷ. ರಕ್ತದಲ್ಲಿ ಆಮ್ಲ ಹೆಚ್ಚಿದಾಗ ಅದನ್ನು ತಣಿಸಲು ಮೂಳೆಯ ಸುಣ್ಣ ಕರಗುತ್ತದೆ. ಮೂತ್ರದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಕಾವಲುಗಾರ ಸಿಟ್ರೇಟ್ ಇಳಿಯುತ್ತದೆ. ಇಂಥ ಮಗು ಸರಿಯಾಗಿ ಬೆಳೆಯುವುದಿಲ್ಲ, ಕಾಲುಗಳು ಬಾಗಬಹುದು. "ನಮ್ಮ ವಂಶವೇ ಕುಳ್ಳು" ಎಂದು ಮನೆಯವರು ಸುಮ್ಮನಿರುತ್ತಾರೆ. ಆದರೆ ಕಾರಣ ತಿಳಿದರೆ, ದಿನವೂ ಕ್ಷಾರದ ಔಷಧಿಯನ್ನು ಕೊಡುವುದರಿಂದ ಕಲ್ಲೂ ತಗ್ಗುತ್ತದೆ, ಮಗುವೂ ಬೆಳೆಯತೊಡಗುತ್ತದೆ. ಒಂದು ಕಲ್ಲಿನ ಜಾಡು ಹಿಡಿದು ಹೋದರೆ ಮಗುವಿನ ಎತ್ತರವೇ ಮರಳಿ ಸಿಗಬಹುದು!

ಮೂರನೆಯದರ ಕಥೆ ಮತ್ತೆ ನಾರ್ವಿಚ್‌ಗೆ ಕರೆದೊಯ್ಯುತ್ತದೆ. 1810ರಲ್ಲಿ ವಿಲಿಯಂ ವೊಲಾಸ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಒಂದು ವಿಚಿತ್ರವಾದ ಕಲ್ಲನ್ನು ವರ್ಣಿಸಿದ. ಅದು ನಾರ್ವಿಚ್‌ನ ವೈದ್ಯರೊಬ್ಬರ ಬಳಿ ಇದ್ದದ್ದು. ಅವರ ಸಹೋದರ ಐದು ವರ್ಷದ ಮಗುವಾಗಿದ್ದಾಗ ತೆಗೆದದ್ದು. ಅದರಲ್ಲಿದ್ದ ಹೊಸ ವಸ್ತುವಿಗೆ ಮುಂದೆ ಸಿಸ್ಟಿನ್ ಎಂಬ ಹೆಸರಾಯಿತು. ಇಂದು ನಾವು ಪ್ರೋಟೀನಿನ ಇಟ್ಟಿಗೆಗಳೆಂದು ಓದುವ ಅಮೈನೋ ಆಮ್ಲಗಳಲ್ಲಿ ಅದೂ ಒಂದು. ಈ ರೋಗವಿರುವವರ ಮೂತ್ರಪಿಂಡ ನಾಲ್ಕು ಅಮೈನೋ ಆಮ್ಲಗಳನ್ನು ಮರಳಿ ಹೀರಿಕೊಳ್ಳುವುದಿಲ್ಲ. ಮೂರು ನೀರಿನಲ್ಲಿ ಸುಲಭವಾಗಿ ಕರಗಿ ಹೋಗುತ್ತವೆ. ಸಿಸ್ಟಿನ್ ಮಾತ್ರ ಕರಗದೆ ಕಲ್ಲಾಗುತ್ತದೆ. 1908ರಲ್ಲಿ ಆರ್ಚಿಬಾಲ್ಡ್ ಗ್ಯಾರಡ್ ಎಂಬ ವೈದ್ಯರು ಲಂಡನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಚಯಾಪಚಯದ ದೋಷಗಳು ಹುಟ್ಟಿನಿಂದಲೇ ಬರಬಲ್ಲವು ಎಂಬ ಹೊಸ ವಿಚಾರವನ್ನು ಮುಂದಿಟ್ಟಾಗ ಆರಿಸಿಕೊಂಡ ನಾಲ್ಕು ಉದಾಹರಣೆಗಳಲ್ಲಿ ಇದೂ ಒಂದು. ಮಗುವಿನ ಒಂದು ಕಲ್ಲು ತಳಿಶಾಸ್ತ್ರದ ದೊಡ್ಡ ಅಧ್ಯಾಯಕ್ಕೆ ಬಾಗಿಲು ತೆರೆಯಿತು.

ಇವುಗಳಲ್ಲಿ ಅತ್ಯಂತ ಕ್ರೂರವಾದದ್ದು ನಾಲ್ಕನೆಯದು. ಇದರಲ್ಲಿ ಯಕೃತ್ತಿನ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಅದರಿಂದ ದೇಹವೇ ಆಕ್ಸಲೇಟನ್ನು ಮಿತಿಮೀರಿ ತಯಾರಿಸುತ್ತದೆ. ಕಲ್ಲುಗಳು ಮೇಲಿಂದ ಮೇಲೆ ಬರುತ್ತವೆ. ಕೊನೆಗೆ ಎರಡೂ ಮೂತ್ರಪಿಂಡಗಳು ನಿಂತುಹೋಗುತ್ತವೆ. ಕಾರಣ ತಿಳಿಯದೆ ಬರಿಯ ಮೂತ್ರಪಿಂಡವನ್ನು ಬದಲಿಸಿದರೆ, ಕೆಟ್ಟ ಯಕೃತ್ತು ಹೊಸ ಮೂತ್ರಪಿಂಡವನ್ನೂ ಹಾಳುಮಾಡುತ್ತದೆ. ಕೆಲವು ಮಕ್ಕಳಿಗೆ ಬಿ6 ಜೀವಸತ್ವದಿಂದ ಗುಣ ಕಾಣುತ್ತದೆ. 2020ರಲ್ಲಿ ಲುಮಾಸಿರಾನ್ ಎಂಬ ಹೊಸ ಬಗೆಯ ಔಷಧಿಗೆ ಅಮೆರಿಕ ಮತ್ತು ಯೂರೋಪಿನಲ್ಲಿ ಅನುಮತಿ ದೊರೆಯಿತು. ಅದು ಆಕ್ಸಲೇಟ್ ತಯಾರಿಕೆಯ ಆದೇಶವನ್ನೇ ಯಕೃತ್ತಿನೊಳಗೆ ತಡೆಹಿಡಿಯುತ್ತದೆ.

ಈ ರೋಗವು ಮಗುವಿಗೆ ಬರಬೇಕಾದರೆ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವುಳ್ಳ ವಂಶವಾಹಿ ಬರಬೇಕು. ಒಂದೇ ವಂಶಕ್ಕೆ ಸೇರಿದವರಲ್ಲಿ ಒಂದೇ ದೋಷ ಅಡಗಿರುವ ಸಂಭವ ಹೆಚ್ಚು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನನ್ನು ಮದುವೆಯಾಗುವುದು ನಮ್ಮ ನಾಡಿನ ಅನೇಕ ಮನೆಗಳಲ್ಲಿ ಬಹಳ ಕಾಲದಿಂದ ಬಂದ ರೂಢಿ. ಇಂಥ ಮದುವೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ, ನಿಜ. ಆದರೆ ಅಪರೂಪದ ದೋಷಗಳು ಎರಡೂ ಕಡೆಯಿಂದ ಬಂದು ಕೂಡುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ನೀವು ಈಗಲೇ ತಿಳಿದಿರುವುದು ಒಳ್ಳೆಯದು. ಮುಂದೆ ಮನೆಯ ಹಿರಿಯರೊಡನೆ ಮಾತನಾಡಬೇಕಾದವರು ನೀವೇ.

ಕಟ್ಟಿಕೊಂಡ ತೂಬು

ಕೆರೆಯ ತೂಬು ಕಟ್ಟಿಕೊಂಡರೆ ಏನಾಗುತ್ತದೆ? ನೀರು ನಿಲ್ಲುತ್ತದೆ, ಕೊಳೆಯುತ್ತದೆ, ಹೂಳು ತುಂಬುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಮೂತ್ರಪಿಂಡ ಮತ್ತು ಮೂತ್ರನಾಳ ಸೇರುವ ಜಾಗ ಕಿರಿದಾಗಿರುತ್ತದೆ. ಮತ್ತೆ ಕೆಲವರಲ್ಲಿ ಮೂತ್ರ ಮೂತ್ರಕೋಶದಿಂದ ಹಿಂದಕ್ಕೆ, ಮೇಲಕ್ಕೆ ಹರಿಯುತ್ತದೆ. ನಿಂತ ಮೂತ್ರದಲ್ಲಿ ಸೋಂಕು ಬೇರೂರುತ್ತದೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಆಗ ಮೂತ್ರ ಕ್ಷಾರವಾಗಿ, ಮೆಗ್ನೀಷಿಯಂ ಅಮೋನಿಯಂ ಫಾಸ್ಫೇಟ್ ಎಂಬ ಮೆತುವಾದ ಕಲ್ಲು ಬಹಳ ಬೇಗ ಬೆಳೆದು, ಜಿಂಕೆಯ ಕೊಂಬಿನಂತೆ ಕವಲೊಡೆದು ಮೂತ್ರಪಿಂಡದ ಒಳಗನ್ನೆಲ್ಲ ತುಂಬಿಬಿಡುತ್ತದೆ. ಇಲ್ಲಿ ಕಲ್ಲು ತೆಗೆದರಷ್ಟೇ ಸಾಲದು. ತೂಬನ್ನು ಸರಿಮಾಡಬೇಕು, ಸೋಂಕನ್ನು ನಿವಾರಿಸಬೇಕು.

ಹೊರಗಿನಿಂದ ಬಂದ ಕಲ್ಲು

ಕೆಲವೊಮ್ಮೆ ಕಾರಣ ಮಗುವಿನ ಮೈಯಲ್ಲಿ ಇರುವುದಿಲ್ಲ; ನಾವು ಕೊಟ್ಟದ್ದರಲ್ಲಿ ಇರುತ್ತದೆ. 60,000 ಯೂನಿಟ್‌ಗಳ 'ಡಿ' ಜೀವಸತ್ವದ ಪೊಟ್ಟಣವನ್ನು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದು ಎಂದು ಹೇಳುತ್ತಾರೆ. ಅದನ್ನು ದಿನಕ್ಕೊಂದು ಎಂದು ತಪ್ಪು ತಿಳಿದು ಕೊಟ್ಟರೆ ರಕ್ತದಲ್ಲಿಯೂ ಮೂತ್ರದಲ್ಲಿಯೂ ಕ್ಯಾಲ್ಸಿಯಂ ಏರುತ್ತದೆ. ಮೂರ್ಛೆರೋಗಕ್ಕೆ ಕೊಡುವ ಟೊಪಿರಮೇಟ್‌ನಂಥ ಔಷಧಿಗಳಿಂದಲೂ ಕಲ್ಲಾಗಬಹುದು. ಹಾಗೆಂದು ಔಷಧಿಯನ್ನು ನಾವೇ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಬೇಕು.

ಆದರೆ 2008ರಲ್ಲಿ ಚೀನಾ ದೇಶದಲ್ಲಿ ನಡೆದದ್ದು ತಪ್ಪು ತಿಳಿವಳಿಕೆಯಲ್ಲ, ಮೋಸ. ಹಾಲಿಗೆ ನೀರು ಬೆರೆಸಿದರೆ ಪ್ರೋಟೀನ್ ಕಡಿಮೆಯಾಗುತ್ತದೆ. ಪ್ರೋಟೀನನ್ನು ಅಳೆಯುವ ಸಾಮಾನ್ಯ ಪರೀಕ್ಷೆಯು ನೇರವಾಗಿ ಪ್ರೋಟೀನನ್ನು ಅಳೆಯುವುದಿಲ್ಲ. ಅದರಲ್ಲಿರುವ ಸಾರಜನಕವನ್ನು ಅಳೆಯುತ್ತದೆ. ಮೋಸಗಾರರು ಸಾರಜನಕ ಹೇರಳವಾಗಿರುವ ಮೆಲಮೈನ್ ಎಂಬ ವಸ್ತುವನ್ನು ಹಾಲಿಗೆ ಬೆರೆಸಿದರು. ಇದು ಪ್ಲಾಸ್ಟಿಕ್ ತಟ್ಟೆಗಳ ತಯಾರಿಕೆಗೆ ಬಳಸುವ ವಸ್ತು! ಪರೀಕ್ಷೆಯಲ್ಲಿ ಹಾಲು ಪಾಸಾಯಿತು. ಆ ಹಾಲಿನಿಂದ ಮಾಡಿದ ಪುಡಿಯನ್ನು ಕುಡಿದ ಕೂಸುಗಳ ಮೂತ್ರದಲ್ಲಿ ಮೆಲಮೈನ್ ಯೂರಿಕ್ ಆಮ್ಲದೊಡನೆ ಸೇರಿ ಕಲ್ಲಾಯಿತು. ಸುಮಾರು 3 ಲಕ್ಷ ಮಕ್ಕಳು ತೊಂದರೆಗೊಳಗಾದರು; ಆರು ಶಿಶುಗಳು ಸತ್ತವೆಂದು ಅಲ್ಲಿನ ಸರ್ಕಾರವೇ ಹೇಳಿತು. ಎಳೆಗೂಸುಗಳಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಹೀಗೇಕೆ ಕಲ್ಲಾಗುತ್ತಿದೆ ಎಂಬ ಪ್ರಶ್ನೆಯನ್ನು ಹಿಡಿದು ಹೋದಾಗಲೇ ಹಾಲಿನ ಪುಡಿಯ ಡಬ್ಬಿಯವರೆಗಿನ ದಾರಿ ತೆರೆದದ್ದು.

ಮಗು ಹೇಳಲಾರದ ನೋವು

ದೊಡ್ಡವರಿಗೆ ಕಲ್ಲಿನ ನೋವು ಪಕ್ಕೆಯಿಂದ ಹೊರಟು ತೊಡೆಯ ಸಂದಿಗೆ ಇಳಿಯುತ್ತದೆ. ಚಿಕ್ಕ ಮಗು ಸುಮ್ಮನೆ ಹೊಕ್ಕುಳ ಸುತ್ತ ಕೈಯಿಟ್ಟು "ಹೊಟ್ಟೆ ನೋವು" ಎನ್ನುತ್ತದೆ. ಜಂತುಹುಳು ಎಂದೋ ಶಾಲೆ ತಪ್ಪಿಸುವ ನೆಪ ಎಂದೋ ಹಿರಿಯರು ತಿಳಿಯುತ್ತಾರೆ. ಮೂತ್ರ ಮಾಡುವಾಗ ಅಳುವುದು, ಮೂತ್ರ ಕೆಂಪಾಗುವುದು, ಕಾರಣವಿಲ್ಲದೆ ಮತ್ತೆ ಮತ್ತೆ ಜ್ವರ ಬರುವುದು, ಹನಿಹನಿಯಾಗಿ ಮೂತ್ರ ಹೋಗುವುದು, ಇವು ಕಂಡರೆ ತಡಮಾಡಬಾರದು. ಮೂತ್ರ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಿಂದ ಹೆಚ್ಚಿನ ವಿಷಯ ತಿಳಿಯುತ್ತದೆ. ಇದರಲ್ಲಿ ವಿಕಿರಣದ ಭಯವಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕಲ್ಲು ತಾನಾಗಿ ಹೊರಬಿದ್ದರೆ "ಸದ್ಯ, ಹೋಯಿತಲ್ಲ" ಎಂದು ಎಸೆಯಬೇಡಿ. ವೈದ್ಯರು ಹೇಳಿದಾಗ ಮೂತ್ರವನ್ನು ತೆಳು ಬಟ್ಟೆಯಲ್ಲಿ ಸೋಸಿ ಕಲ್ಲನ್ನು ಹಿಡಿದಿಡಿ. ಒಂದು ಸಣ್ಣ ಶೀಷೆಯಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯಿರಿ. ಅದು ಏನಿನಿಂದ ಆಗಿದೆ ಎಂಬುದು ತಿಳಿದರೆ ಏಕೆ ಆಯಿತೆಂಬ ದಾರಿ ತೆರೆಯುತ್ತದೆ. ಅನಂತರ ರಕ್ತ ಪರೀಕ್ಷೆ, 24 ಗಂಟೆಗಳ ಮೂತ್ರ ಸಂಗ್ರಹಿಸಿ ಮಾಡುವ ಪರೀಕ್ಷೆಗಳನ್ನು ವೈದ್ಯರು ಹೇಳಿದರೆ ಬೇಸರಿಸದೆ ಮಾಡಿಸಬೇಕು. ನೋವು ನಿಂತಿತೆಂದು ಅನೇಕರು ಇಲ್ಲಿಗೇ ಬಿಟ್ಟುಬಿಡುತ್ತಾರೆ. ತಪ್ಪಾಗುವುದು ಇಲ್ಲಿಯೇ.

ಕೆಲವು ನಂಬಿಕೆಗಳು

ಕಲ್ಲಿನಲ್ಲಿ ಸುಣ್ಣದ ಅಂಶವಿದೆಯೆಂದು ಮಗುವಿಗೆ ಹಾಲು, ಮೊಸರು, ರಾಗಿಯನ್ನು ಬಿಡಿಸುವವರಿದ್ದಾರೆ. ಇದು ಎರಡು ರೀತಿಯಲ್ಲಿ ತಪ್ಪು. ಬೆಳೆಯುವ ಮೂಳೆಗೆ ಕ್ಯಾಲ್ಸಿಯಂ ಬೇಕೇಬೇಕು. ಅಲ್ಲದೆ ಊಟದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದೊಡನೆ ಸಾಗಿಸುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ. ಇಟಲಿಯಲ್ಲಿ ಪದೇ ಪದೇ ಕಲ್ಲಾಗುತ್ತಿದ್ದ ವಯಸ್ಕರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ಯಾಲ್ಸಿಯಂ ಕಡಿಮೆ ಸೇವಿಸಿದವರಿಗಿಂತ, ಸಾಮಾನ್ಯ ಪ್ರಮಾಣದಲ್ಲಿ ಕ್ಯಾಲ್ಸಿಯಂ ಸೇವಿಸಿ ಉಪ್ಪು ಮತ್ತು ಮಾಂಸವನ್ನು ಕಡಿಮೆ ಮಾಡಿದವರಲ್ಲಿ ಕಲ್ಲು ಕಡಿಮೆಯಾಗಿತ್ತು. ಟೊಮೇಟೊ ಬೀಜವೇ ಹೋಗಿ ಕಲ್ಲಾಗುತ್ತದೆ ಎಂಬುದು ಬಳಪದ ಮಾತಿನ ಹಾಗೆಯೇ. ಬಾಳೆದಿಂಡಿನ ರಸ, ಬಾರ್ಲಿ ನೀರು ಕುಡಿಯಬಾರದೆಂದಿಲ್ಲ. ಅದರೊಡನೆ ನೀರೂ ಮೈಗೆ ಸೇರುತ್ತದೆ. ಆದರೆ ಅದನ್ನೇ ನಂಬಿ ಪರೀಕ್ಷೆಯನ್ನು ಮುಂದೂಡಬಾರದು. ಉಪ್ಪು ಹಾಕದ ನಿಂಬೆಹಣ್ಣಿನ ಪಾನಕ ಮಾತ್ರ ನಿಜಕ್ಕೂ ಒಳ್ಳೆಯದು. ಏಕೆಂದು ಈಗ ನಿಮಗೇ ಗೊತ್ತಿದೆ.

ತುಂಬಿಯೇ ಮರಳುವ ಬಾಟಲಿ

ಕೊನೆಯದಾಗಿ ನಿಮ್ಮ ಶಾಲೆಗೆ ಬರೋಣ. ಏಳನೆಯ ತರಗತಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಮನೆ ಬಿಡುತ್ತಾಳೆ. ಚೀಲದಲ್ಲಿ ಅಮ್ಮ ತುಂಬಿಕೊಟ್ಟ ನೀರಿನ ಬಾಟಲಿ ಇದೆ. ಸಂಜೆ ಐದಕ್ಕೆ ಮನೆಗೆ ಬಂದಾಗ ಆ ಬಾಟಲಿ ಹಾಗೆಯೇ ತುಂಬಿದೆ. ಅವಳಿಗೆ ಬಾಯಾರಿಕೆಯಾಗಿರಲಿಲ್ಲವೆ? ಆಗಿತ್ತು. ಆದರೆ ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಅಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ, ಕಾಲಿಡುವಂತಿಲ್ಲ. ಹಾಗಾಗಿ ಕುಡಿಯುವುದೇ ಇಲ್ಲ, ಬಂದದ್ದನ್ನು ತಡೆದುಕೊಳ್ಳುತ್ತಾಳೆ. ನಾವು ಮೊದಲೇ ಹೇಳಿದ ನಾಲ್ಕು ಬಾಗಿಲುಗಳಲ್ಲಿ ಎರಡನ್ನು, ನೀರಿನ ಕೊರತೆಯನ್ನೂ ಹರಿವಿನ ತಡೆಯನ್ನೂ, ಈ ಹುಡುಗಿಗೆ ತೆರೆದುಕೊಟ್ಟವರು ಯಾರು? ವಂಶವಾಹಿಯಲ್ಲ, ನಾವು ದೊಡ್ಡವರು.

2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಸುದ್ದಿಯಾಯಿತು. ಅದೇ ವರ್ಷ ನಮ್ಮ ರಾಜ್ಯದಲ್ಲೂ ಅದನ್ನು ತರುವ ಮಾತು ಬಂತು. ಒಳ್ಳೆಯ ಪದ್ಧತಿ. ಆದರೆ ಗಂಟೆಯ ಜೊತೆಗೆ ನೀರಿರುವ, ಚಿಲಕವಿರುವ ಶೌಚಾಲಯವೂ ಬೇಕು. ಇಲ್ಲದಿದ್ದರೆ ಗಂಟೆ ಮೊಳಗುತ್ತದೆ, ಬಾಟಲಿ ಮಾತ್ರ ತುಂಬಿಯೇ ಇರುತ್ತದೆ. ನಿಮ್ಮ ಶಾಲೆಯಲ್ಲಿ ಹಾಗಿದ್ದರೆ ನಾಚಿಕೊಳ್ಳದೆ ಮುಖ್ಯೋಪಾಧ್ಯಾಯರಿಗೆ ಹೇಳಿ, ಮನೆಯಲ್ಲಿ ಹೇಳಿ, ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಲು ತಂದೆತಾಯಿಯರಿಗೆ ಹೇಳಿ. ಇದು ಸಂಕೋಚದ ವಿಷಯವಲ್ಲ, ಆರೋಗ್ಯದ ವಿಷಯ.

ನೀವು ಸಾಕಷ್ಟು ನೀರು ಕುಡಿದಿದ್ದೀರಾ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಮೂತ್ರದ ಬಣ್ಣ ನೋಡಿ. ತಿಳಿಯಾಗಿ, ಒಣಹುಲ್ಲಿನ ಬಣ್ಣಕ್ಕಿಂತ ತೆಳುವಾಗಿದ್ದರೆ ಸರಿ. ಗಾಢ ಹಳದಿಯಾಗಿದ್ದರೆ ಸಾಣಿಕಟ್ಟಾದ ಮಡಿಯನ್ನು ನೆನಪಿಸಿಕೊಳ್ಳಿ, ಒಂದು ಲೋಟ ನೀರು ಕುಡಿಯಿರಿ.

ಮನೆಯಲ್ಲಿ ತಮ್ಮನೋ ತಂಗಿಯೋ ಬಳಪ ತಿನ್ನುವುದನ್ನು ಕಂಡು ಅಜ್ಜಿ ಗದರಿಸಿದರೆ, ನಗಬೇಡಿ. ಅಜ್ಜಿಯ ಪಕ್ಕದಲ್ಲಿ ಕುಳಿತು, ಕಲ್ಲು ನಿಜವಾಗಿ ಎಲ್ಲಿಂದ ಬರುತ್ತದೆ ಎಂದು ನೀವು ಕಲಿತದ್ದನ್ನು ಹೇಳಿ. ಕಾರಣವನ್ನು ಕೇಳುವ ಬುದ್ಧಿ ಆಕೆಗೆ ಮೊದಲೇ ಇತ್ತು. ಸರಿಯಾದ ಉತ್ತರ ಈಗ ನಿಮ್ಮ ಬಳಿ ಇದೆ.